ತಾರಸಿ ಸೋರಿದರೆ ಬಿಳಿ ಗೋಂದು ಬಳಿಯಬೇಡಿ

ಮಳೆ ಹಿಡಿಯುತ್ತಲೇ ಮೊಬೈಲಿನಲ್ಲಿ ಎರಡು ಬಗೆಯ ವಿಡಿಯೊ ಸುತ್ತತೊಡಗುತ್ತವೆ. ಒಂದರಲ್ಲಿ ಸಿಮೆಂಟಿಗೆ ಮರಗೆಲಸದ ಬಿಳಿ ಗೋಂದು ಕಲಸಿ ಬಿರುಕಿಗೆ ಮೆತ್ತುತ್ತಾರೆ. ಇನ್ನೊಂದರಲ್ಲಿ ಪೆಟ್ರೋಲಿನಲ್ಲಿ ಥರ್ಮಾಕೋಲ್ ಕರಗಿಸಿದ ಅಂಟು. ಕೊನೆಗೆ ಮೇಲೆ ಒಂದು ಬಕೆಟ್ ನೀರು ಸುರಿದು ತೋರಿಸುತ್ತಾರೆ, ಸೋರುವುದಿಲ್ಲ. ಆ ಹತ್ತು ನಿಮಿಷ ಸೋರುವುದಿಲ್ಲ, ಅಷ್ಟೇ.

ಬಿಳಿ ಗೋಂದು ಅಂದರೆ ಪಾಲಿವಿನೈಲ್ ಅಸಿಟೇಟ್. ಒಣಗಿದ ಮೇಲೂ ದಿನಗಟ್ಟಲೆ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಸಿಮೆಂಟಿನ ಕ್ಷಾರ ಅದನ್ನು ಇನ್ನೂ ಬೇಗ ಕೆಡಿಸುತ್ತದೆ. ಗಾರೆ ಕೆಲಸಕ್ಕೆಂದೇ ಇರುವ, ಕೃತಕ ರಬ್ಬರಿನ ದ್ರವವಾದ ಎಸ್‌ಬಿಆರ್ ಲ್ಯಾಟೆಕ್ಸ್ ಕೂಡ ನೋಡಲು ಅದೇ ಹಾಲಿನ ಹಾಗೆ. ಬಣ್ಣ ಒಂದೇ ಆದರೂ ಗುಣ ಬೇರೆ: ಎಸ್‌ಬಿಆರ್ ಒಮ್ಮೆ ಒಣಗಿದರೆ ನೀರಿಗೆ ಕರಗುವುದಿಲ್ಲ. ಥರ್ಮಾಕೋಲ್ ಅಂಟಿನಲ್ಲಿ ಪೆಟ್ರೋಲ್ ಆವಿಯಾಗಿ ಉಳಿಯುವುದು ಬರೀ ಪೆಡಸು ಪ್ಲಾಸ್ಟಿಕ್. ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುತ್ತದೆ, ಈ ಪ್ಲಾಸ್ಟಿಕ್ ಅದರ ಜೊತೆ ಬಾಗುವುದಿಲ್ಲ, ಚಕ್ಕೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ಹರಡಿ ಎಲ್ಲೋ ಹಾರಿದ ಕಿಡಿಗೂ ಹೊತ್ತಿಕೊಳ್ಳುತ್ತದೆ.

ಬಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಬೇಸಿಗೆಯಲ್ಲೂ ಸೀಲಿಂಗಿನ ಕಲೆ ಒದ್ದೆಯಾಗಿಯೇ ಇದ್ದರೆ ಅನುಮಾನ ಪೈಪಿನ ಮೇಲೆ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ನೋಡಿ. ಮಳೆಗೆ ಮಾತ್ರ ಸೋರಿದರೆ ತಾರಸಿಗೆ ಹತ್ತಿ. ಕೆಳಗಿನ ಕಲೆಯ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ. ಮೇಲುಗಾರೆಗೂ ಮೋಲ್ಡಿಗೂ (ಕಾಂಕ್ರೀಟ್ ಚಾವಣಿಗೂ) ನಡುವೆ ನೀರು ಅಷ್ಟು ದೂರ ಹರಿದು ಇಳಿಯುತ್ತದೆ. ಪ್ಯಾರಾಪೆಟ್ ಗೋಡೆಯ ಬುಡ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಸ್ಟ್ಯಾಂಡಿನ ಕಾಲು: ಮೊದಲು ಈ ಮೂರನ್ನು ನೋಡಿ. ಒಳಗಿನ ಸೀಲಿಂಗಿಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಯುವ ಸಲಹೆಯನ್ನು ಅಲ್ಲಿಗೇ ಬಿಡಿ. ನೀರು ಮೋಲ್ಡಿನೊಳಗೇ ನಿಂತು ಕಂಬಿಗೆ ತುಕ್ಕು ಹಿಡಿಯುತ್ತದೆ.

ಪಾಚಿ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿಯುವುದೂ ಬೇಡ. ಅದು ಸಿಮೆಂಟನ್ನು ತಿನ್ನುತ್ತದೆ, ಅದರ ಕ್ಲೋರೈಡ್ ಕಂಬಿಗೆ ಶತ್ರು. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ತಂತಿ ಬ್ರಷ್ ಮತ್ತು ನೀರು ಸಾಕು.

ಬಿರುಕನ್ನು ಉಳಿಯಿಂದ ವಿ ಆಕಾರಕ್ಕೆ, ಸುಮಾರು 8 ಮಿ.ಮೀ. ಅಗಲ, 10 ಮಿ.ಮೀ. ಆಳ ಕೊರೆಯಿರಿ. ಕೂದಲೆಳೆ ಬಿರುಕಿನ ಮೇಲೆ ಸುಮ್ಮನೆ ಸವರಿದ ಗಾರೆ ಹಿಡಿಯುವುದೇ ಇಲ್ಲ. ಧೂಳು ತೊಳೆದು, ನೀರು ನಿಲ್ಲದ ಹಾಗೆ ಒದ್ದೆ ಮಾಡಿ. ಎಸ್‌ಬಿಆರ್, ಸಿಮೆಂಟ್, ನೀರು ಸಮಸಮ ಕಲಸಿ ಬ್ರಷ್ಷಿನಲ್ಲಿ ಬಳಿಯಿರಿ. ಅದು ಹಸಿಯಾಗಿರುವಾಗಲೇ ಗಾರೆ ತುಂಬಬೇಕು. ಒಣಗಲು ಬಿಟ್ಟರೆ ಅಂಟಿಸಬೇಕಾದ ಪದರವೇ ಬೇರ್ಪಡಿಸುವ ಪದರವಾಗುತ್ತದೆ. ಗಾರೆಗೆ 1 ಕೆ.ಜಿ. ಎಸ್‌ಬಿಆರ್, 5 ಕೆ.ಜಿ. ಸಿಮೆಂಟ್, 15 ಕೆ.ಜಿ. ಮರಳು, ನೀರು ಆದಷ್ಟು ಕಡಿಮೆ. ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಬಿಸಿಲು ತಂಪಿಗೆ ಬಾಯಿ ಬಿಟ್ಟು ಮುಚ್ಚುವ ಬಿರುಕಿಗೆ ಗಾರೆ ಬೇಡ, ರಬ್ಬರಿನ ಹಾಗೆ ಎಳೆದು ಕುಗ್ಗುವ ಪಾಲಿಯುರೆಥೇನ್ ಸೀಲಂಟ್ ಹಾಕಿ. ಪ್ಯಾರಾಪೆಟ್ ಬುಡದ ಮೂಲೆಯನ್ನು ಅದೇ ಗಾರೆಯಿಂದ 50 ಮಿ.ಮೀ. ದುಂಡಗೆ ಮಾಡಿ.

ಗಾರೆ ಗಟ್ಟಿಯಾದ ಮೇಲೆ 1 ಕೆ.ಜಿ. ಎಸ್‌ಬಿಆರ್‌ಗೆ ಒಂದೂವರೆ ಕೆ.ಜಿ. ಸಿಮೆಂಟ್ ಕಲಸಿ ಎರಡು ಕೋಟ್ ಕೊಡಿ, ಎರಡನೆಯದು ಮೊದಲಿನದಕ್ಕೆ ಅಡ್ಡಲಾಗಿ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾದದ್ದಕ್ಕೆ ನೀರು ಬೆರೆಸಿ ಸಡಿಲ ಮಾಡಿದರೆ ಶಕ್ತಿ ಹೋಯಿತು. ಇದು ಬಿಸಿಲಿಗೆ ಬಿಡುವ ಪದರವೂ ಅಲ್ಲ. ಮೇಲೆ ಇಳಿಜಾರಿನ ಗಾರೆ ಬೇಕು, 3 ಮೀಟರಿಗೆ 3 ಸೆಂ.ಮೀ. ಇಳಿತ.

   

ಕೊನೆಗೆ ಪರೀಕ್ಷೆ. ಇಳಿಜಾರಿನ ಗಾರೆಗೂ ನೀರುಣಿಸುವುದು (ಕ್ಯೂರಿಂಗ್) ಮುಗಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ 25 ಮಿ.ಮೀ. ನೀರನ್ನು 48 ಗಂಟೆ ನಿಲ್ಲಿಸಿ. ಪಕ್ಕದಲ್ಲೇ ಒಂದು ಅಗಲ ತಟ್ಟೆಯಲ್ಲಿ ಅಷ್ಟೇ ನೀರಿಡಿ. ತಟ್ಟೆಯಲ್ಲಿ ಇಳಿದದ್ದು ಬಿಸಿಲು ಕುಡಿದ ನೀರು. ತಾರಸಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಕೆಳಗೆ ಕಲೆ ಕಾಣದಿದ್ದರೂ ಎಲ್ಲೋ ಬಾಯಿ ಉಳಿದಿದೆ.