ಬಟವಾಡೆಗೆ ಮೂರು ಸ್ಪೆಲ್ಲಿಂಗ್: ಗೋ ಕೋಡ್‌ನಲ್ಲಿ ಹೆಸರು ಸರಿಪಡಿಸಿದ ಬಗೆ

ಮಂಡ್ಯ ಕಡೆಯ ಡೇರಿಗಳ ಹಾಲಿನ ಲೆಕ್ಕ ನೋಡುವ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಈ ಕೋಡ್ ಸುಮಾರು 40 ಸಾವಿರ ಸಾಲಿನದು. ಬಟವಾಡೆ ಅನ್ನುವ ಪದ ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ‘ವಿ’, ಒಂದು ಕಡೆ ‘ಡಬ್ಲ್ಯು’, ಇನ್ನೊಂದು ಕಡೆ ಜೋಡಿ ‘ಎ’ ಹಾಕಿಕೊಂಡು ಕೂತಿತ್ತು. ಓಡುತ್ತಿರುವ ಕೋಡ್‌ಗೆ ಕೈ ಹಾಕಬೇಡಿ, ಹೆಸರು ಬದಲಿಸಿದರೆ ದುಡ್ಡು ಬರುತ್ತಾ ಎಂದವರೇ ಹೆಚ್ಚು. ದುಡ್ಡು ಹೋಗುತ್ತಿದ್ದದ್ದೇ ಹೆಸರಿನಿಂದ. ಫ್ಯಾಟ್ ಫೀಲ್ಡಿನ ಮೊದಲ ಅಕ್ಷರ ಸ್ಮಾಲ್ ಆಗಿತ್ತು. ಗೋದಲ್ಲಿ ಹಾಗೆ ಶುರುವಾಗುವ ಹೆಸರು ಅದಿರುವ ಪ್ಯಾಕೇಜಿನ (ಕೋಡಿನ ಕಟ್ಟಿನ) ಹೊರಗೆ ಕಾಣದು. ಡೇಟಾವನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತರುವ ಜೇಸನ್ ಪ್ಯಾಕೇಜು ಅಂಥ ಫೀಲ್ಡನ್ನು ಎರರ್ ಕೊಡದೆ ಬಿಟ್ಟುಬಿಡುತ್ತದೆ. ರೈತರಿಗೆ ಫ್ಯಾಟ್ 0 ಎಂದು ಎಸ್‌ಎಂಎಸ್ ಹೋಯಿತು. ಮತ್ತೆ ಕಳಿಸಲು ಐದಾರು ಸಾವಿರ ಖರ್ಚು.

ಮೊದಲು ಮಾಡಿದ್ದು ಒಂದು ಪದಕ್ಕೆ ಒಂದೇ ಸ್ಪೆಲ್ಲಿಂಗ್ ಹೇಳುವ ಪದಪಟ್ಟಿ, ಹೆಚ್ಚುಕಡಿಮೆ 180 ಪದ. ‘ತ’ಕ್ಕೆ ‘ಟಿಎಚ್’, ನಮ್ಮ ಬೋರ್ಡುಗಳಲ್ಲಿ ಬರೆಯುವ ಹಾಗೆ. ದೀರ್ಘಕ್ಕೆ ಜೋಡಿ ‘ಎ’ ಬೇಡ ಎಂದುಕೊಂಡೆವು, ಅಲ್ಲೇ ಎಡವಿದ್ದು: ಸಲವೂ ಸಾಲವೂ ಒಂದೇ ಆದವು. ಬಟವಾಡೆಯಲ್ಲಿ ಸಾಲ ಮುರಿದುಕೊಳ್ಳುವ ಕಡೆ ಎಷ್ಟನೇ ಸಲ ಅನ್ನುವ ಸಂಖ್ಯೆ ಕಳೆದುಹೋಗಿ, ಟೆಸ್ಟಿನಲ್ಲಿ ಸಿಕ್ಕಿಬಿತ್ತು. ಈಗ ಸಾಲಕ್ಕೆ ‘ಲೋನ್’. ಪಟ್ಟಿಯಲ್ಲಿ ಇಂಥ ಡಿಕ್ಕಿಗಳನ್ನು ಮೊದಲೇ ಹಿಡಿಯುವ ಪುಟ್ಟ ಸ್ಕ್ರಿಪ್ಟ್ ಇದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಐಡಿ, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಥರದವು ಪೂರ್ತಿ ಕ್ಯಾಪಿಟಲ್ ಇಲ್ಲವೇ ಪೂರ್ತಿ ಸ್ಮಾಲ್. ‘ಐ’ ದೊಡ್ಡದು ‘ಡಿ’ ಚಿಕ್ಕದು ಮಾಡುವುದು ಬೇರೆ ಭಾಷೆಯಿಂದ ಬಂದವರ ಅಭ್ಯಾಸ, ಬಿಡಿಸಲೇಬೇಕು.

ಹೆಸರು ಮುಟ್ಟುವ ಮುಂಚೆ ಪ್ರತಿ ಫೀಲ್ಡಿಗೂ ಹಳೇ ಕೀಯನ್ನೇ (ಜೇಸನ್‌ನಲ್ಲಿ ಅದಕ್ಕಿರುವ ಹೆಸರನ್ನೇ) ಅದರ ಪಕ್ಕದಲ್ಲಿ ಜೇಸನ್ ಟ್ಯಾಗ್ ಆಗಿ ಬರೆಯಿರಿ. ಮೊಬೈಲ್ ಆ್ಯಪ್ ಮುರಿಯುವುದಿಲ್ಲ. ಟ್ಯಾಗ್ ಇದ್ದೂ ಅಕ್ಷರ ಸ್ಮಾಲ್ ಇದ್ದರೆ ಗೋದ ತಪ್ಪು ಹುಡುಕುವ ಸಾಧನ ಗೋ ವೆಟ್ ಬೈಯುತ್ತದೆ, ಟ್ಯಾಗ್ ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಆಮೇಲೆ ಎಡಿಟರಿನ ರೀನೇಮ್. ಅದು ಕೋಟ್ ಒಳಗಿನ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮುಟ್ಟದು, ಅಲ್ಲಿ ಕೈಯಿಂದಲೇ ಹುಡುಕಬೇಕು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಕೋಟ್ ಇಲ್ಲದ ಹೆಸರನ್ನು ಸ್ಮಾಲ್ ಮಾಡಿಕೊಳ್ಳುವುದರಿಂದ ಕಾಲಂಗಳೆಲ್ಲ ಸ್ಮಾಲ್, ನಡುವೆ ಅಂಡರ್‌ಸ್ಕೋರ್. ವಿಂಡೋಸ್‌ನಲ್ಲಿ ಟೆಂಪ್ಲೇಟ್ ಫೈಲಿನ ಹೆಸರಿನಲ್ಲಿ ಬರೀ ಕೇಸ್ (ಸ್ಮಾಲ್, ಕ್ಯಾಪಿಟಲ್) ಬದಲಿಸಿದರೆ ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ಗೆ ಗೊತ್ತೇ ಆಗುವುದಿಲ್ಲ, ಲಿನಕ್ಸ್ ಸರ್ವರಿನಲ್ಲಿ ಫೈಲ್ ಸಿಗುವುದಿಲ್ಲ. ನಡುವೆ ಬೇರೊಂದು ಹೆಸರಿಟ್ಟು ಎರಡು ಸಲ ಬದಲಿಸಿ. ಒಂದು ಕಮಿಟ್‌ಗೆ (ಗಿಟ್‌ನಲ್ಲಿ ಒಂದು ಸಲದ ದಾಖಲೆಗೆ) ಒಂದೇ ಪದ. ಎಲ್ಲ ಸೇರಿ ಮೂರು ವಾರ ಹಿಡಿಯಿತು; ಬಟವಾಡೆ ದಿನದ ಮುನ್ನಾದಿನ ಮಾತ್ರ ಏನನ್ನೂ ಮುಟ್ಟಲಿಲ್ಲ.

ಕನ್ನಡದಲ್ಲೇ ಹೆಸರಿಟ್ಟರೆ ಹೇಗೆ ಅಂತಲೂ ನೋಡಿದ್ದಾಯಿತು. ಗೋದಲ್ಲಿ ‘ದರ’ ನಡೆಯಿತು, ‘ಹಾಲು’ ನಡೆಯಲಿಲ್ಲ: ದೀರ್ಘ, ಕೊಂಬುಗಳನ್ನು ಅದು ಅಕ್ಷರವೆಂದು ಒಪ್ಪುವುದಿಲ್ಲ. ಕನ್ನಡಕ್ಕೆ ಕ್ಯಾಪಿಟಲ್ ಇಲ್ಲದ್ದರಿಂದ ‘ದರ’ವೂ ಪ್ಯಾಕೇಜಿನ ಹೊರಗೆ ಕಾಣದು. ಇನ್ನೊಂದು ಭಾಷೆ ಪೈಥಾನ್ 3 ‘ಹಾಲು’ ಒಪ್ಪಿತು. ವಾರದ ರಿಪೋರ್ಟ್ ಸ್ಕ್ರಿಪ್ಟಿನಲ್ಲಿ ಅದು ಹಾಗೇ ಇದೆ.