ಜಿಂಕೆ ಸಾಕುವಂತಿಲ್ಲ, ಮೇಕೆ ಸಾಕಿ: ಮಲೆನಾಡಿಗೆ ಅಟ್ಟಣಿಗೆ ಕಟ್ಟುವ ಬಗೆ

ನ್ಯೂಜಿಲೆಂಡಿನಲ್ಲಿ 1970ರ ಸುಮಾರಿಗೆ ಪರವಾನಗಿಯೊಂದಿಗೆ ಶುರುವಾದ ಜಿಂಕೆ ಸಾಕಣೆ ಇಂದು ಮಾಂಸ ಮತ್ತು ಎಳೆ ಕೊಂಬಿನ ದೊಡ್ಡ ಉದ್ಯಮ. ಅದರ ವಿಡಿಯೊ ನೋಡಿ ಮೂಡಿಗೆರೆ, ಸಕಲೇಶಪುರದ ತೋಟದಲ್ಲೂ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗ ಎಲ್ಲವೂ ಸಂರಕ್ಷಿತ. ತೋಟದ ಸೊಪ್ಪಿನಿಂದ ಆದಾಯ ಬೇಕಿದ್ದರೆ ಮೇಕೆಯೇ ಸರಿ. ಆದರೆ ಮಳೆಗಾಲದ ಒದ್ದೆ ನೆಲದಲ್ಲಿ ಅದರ ಗೊರಸು ಕೊಳೆಯುತ್ತದೆ, ಮರಿಗಳಿಗೆ ರಕ್ತಭೇದಿ ಹಿಡಿಯುತ್ತದೆ. ಅದಕ್ಕೇ ಅಟ್ಟಣಿಗೆ, ಅಂದರೆ ನೆಲದಿಂದ ಎತ್ತರಕ್ಕೆ ಹಲಗೆ ಹಾಸಿದ ಕೊಟ್ಟಿಗೆ ಬೇಕು. (ಕಡೂರು, ಅರಸೀಕೆರೆಯ ಬಯಲಿನವರಿಗೆ ಒಣ ಮಣ್ಣಿನ ನೆಲವೇ ಸಾಕು, ಈ ಖರ್ಚು ಬೇಡ.)

ಮೊದಲು ಜಾಗ. ನೀರು ನಿಲ್ಲದ ಇಳಿಜಾರು ಆರಿಸಿ. ದೊಡ್ಡ ಮೇಕೆಗೆ ತಲಾ 10ರಿಂದ 12 ಚದರ ಅಡಿ, ಹೋತಕ್ಕೆ ಅದರ ಎರಡರಷ್ಟು.

ಕಂಬ ನೆಟ್ಟು ಅಟ್ಟವನ್ನು ನೆಲದಿಂದ 5 ಅಡಿ ಎತ್ತರಕ್ಕೆ ಏರಿಸಿ. ಮೂರಡಿ ಸಾಕೆಂದು ಉಳಿಸಿದವರು ಕೆಳಗೆ ನುಗ್ಗಿ ಗೊಬ್ಬರ ತೆಗೆಯಲಾರದೆ ಬಿಡುತ್ತಾರೆ. ಆ ಗೊಬ್ಬರದ ಘಾಟು ಮೇಲೇರಿ ಮೇಕೆಗಳಿಗೆ ಕೆಮ್ಮು.

ಇನ್ನು ಎಲ್ಲರೂ ಎಡವುವ ಕೆಲಸ: ಹಲಗೆಗಳ ನಡುವಿನ ಸಂದು. ದೊಡ್ಡ ಮೇಕೆಗೆ ಅದು ಒಂದೂಕಾಲರಿಂದ ಒಂದೂವರೆ ಸೆಂಟಿಮೀಟರ್ ಇರಬೇಕು. ಕಡಿಮೆಯಾದರೆ ಹಿಕ್ಕೆ ಸಿಕ್ಕಿಕೊಂಡು ಅಟ್ಟವೇ ಕೆಸರು. ಹೆಚ್ಚಾದರೆ ಕಾಲು ಸಿಕ್ಕಿ ಮುರಿಯುತ್ತದೆ. ಮರಿಗಳ ಕೋಣೆಗೆ ಒಂದು ಸೆಂಟಿಮೀಟರ್ ದಾಟಬಾರದು. ಕಣ್ಣಳತೆ ನಂಬಬೇಡಿ: ದೊಡ್ಡ ಮೇಕೆಯ ಅಟ್ಟಕ್ಕೆ ಅರ್ಧ ಇಂಚಿನ, ಮರಿ ಕೋಣೆಗೆ ಒಂದು ಸೆಂಟಿಮೀಟರಿನ ಸರಳನ್ನು ನಡುವೆ ಇಟ್ಟು ಒಂದೊಂದೇ ಹಲಗೆ ಕೂರಿಸಿ, ನಡುವಿನಲ್ಲೂ ಎರಡು ತುದಿಯಲ್ಲೂ ಅಳೆಯಿರಿ. ಹಸಿ ಮರ ಬೇಡವೇ ಬೇಡ. ಒಣಗಿ ಕುಗ್ಗಿದಾಗ ಸಂದು ತಾನಾಗಿ ಅಗಲವಾಗುತ್ತದೆ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಅಗ್ಗ, ಆದರೆ ಬಲಿತ ಮರದ್ದಾಗಿರಲಿ, ಒಳಗಿನ ಮೆತ್ತನೆ ಭಾಗವನ್ನು ಪೂರ್ತಿ ಕೆತ್ತಿ ತೆಗೆಯಿರಿ. ಉಳಿದರೆ ಮೂತ್ರ ಹೀರಿ ಕೊಳೆಯುತ್ತದೆ. ಸಿಲ್ವರ್ ಓಕ್ ಹಲಗೆ ತೋಟದಲ್ಲೇ ಸಿಗುತ್ತದೆಂದು ಹಾಕಬೇಡಿ, ಒದ್ದೆಗೆ ಅದು ಬೇಗ ಹಾಳು. ಅಡಿ ತೊಲೆಗಳು ಎರಡು ಅಡಿಗೊಂದು ಇರದಿದ್ದರೆ ಹಲಗೆ ಬಾಗಿ, ಅಳೆದಿಟ್ಟ ಸಂದು ಕೆಡುತ್ತದೆ. ಮೊಳೆಯ ಬದಲು ಸ್ಕ್ರೂ ಹಾಕಿ, ತಲೆಯನ್ನು ಮರದೊಳಗೆ ಇಳಿಸಿ. ಎದ್ದ ಮೊಳೆ ಗೊರಸಿಗೆ ಚುಚ್ಚುತ್ತದೆ. ಮೂರಡಿಗೆ ನಾಲ್ಕಡಿಯ ಚೌಕಟ್ಟುಗಳಾಗಿ ಮಾಡಿದರೆ ಎತ್ತಿ ತೊಳೆದು ಬಿಸಿಲಿಗಿಡಬಹುದು. ತೆಳು ಪ್ಲಾಸ್ಟಿಕ್ ಹಲಗೆ ಮಾರುವವರಿದ್ದಾರೆ. ಕಾಲಿಟ್ಟಾಗ ಬಾಗುವಂಥದ್ದನ್ನು ಕೊಳ್ಳಬೇಡಿ.

ಸೂರು ಗೋಡೆಯಿಂದ ಮೂರಡಿ ಮುಂದೆ ಚಾಚಿರಲಿ. ಇರುಚಲಿಗೆ ಹೆದರಿ ನಾಲ್ಕೂ ಕಡೆ ಟಾರ್ಪಾಲು ಮುಚ್ಚಬೇಡಿ. ಗಾಳಿಯಾಡದಿದ್ದರೆ ನ್ಯುಮೋನಿಯಾ ಖಚಿತ. ಮಳೆ ಹೊಡೆಯುವ ಬದಿಗೆ ಮಾತ್ರ, ಮೇಲೆ ಒಂದಡಿ ಬಿಟ್ಟು ಕಟ್ಟಿ.

ಮೇವಿಗೆ ತೋಟದ ನೆರಳು ಮರಗಳ ಕೊಂಬೆ ಸವರಿದಾಗ ಸಿಗುವ ಹಾಲುವಾಣ, ಹಲಸಿನ ಸೊಪ್ಪು ಚೆನ್ನ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸಿದ ತೋಟದ ಸೊಪ್ಪು ಮಾತ್ರ ತರಬೇಡಿ, ಅದರಲ್ಲಿರುವ ತಾಮ್ರ ವಿಷವಾಗುತ್ತದೆ. ಕರುಳುಬೇನೆ ಲಸಿಕೆ ಮಳೆಗೆ ಮುಂಚೆ, ಹಿರೇಬೇನೆ (ಪಿಪಿಆರ್) ಲಸಿಕೆ ಮರಿಗೆ ಮೂರು ತಿಂಗಳು ದಾಟಿದ ಮೇಲೆ. ಮಳೆ ಮುಗಿದ ನವೆಂಬರ್‌ನಲ್ಲಿ ಅಟ್ಟ ಕಟ್ಟಿ ಮುಗಿಸಿ, ಮೇಕೆ ಆಮೇಲೆ ತನ್ನಿ.