ಸ್ಪ್ಯಾನಿಷ್ ಕಲಿಯಲು ಸಾಲಮಾಂಕಾಕ್ಕೆ: ಅಪರಿಚಿತರ ಮನೆಯಲ್ಲಿ ಒಬ್ಬರೇ ಇರುವುದು ಹೇಗೆ?

ಸ್ಪೇನಿಗೇ ಹೋಗಿ ಸ್ಪ್ಯಾನಿಷ್ ಕಲಿಯಬೇಕು ಅನ್ನುವವರಿಗೆ ನಾನು ಹೇಳುವ ಊರು ಸಾಲಮಾಂಕಾ. ಮ್ಯಾಡ್ರಿಡ್‌ನಿಂದ ಸುಮಾರು 210 ಕಿ.ಮೀ. ದೂರ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇಲ್ಲಿದೆ. ಹೊರದೇಶದವರಿಗೆ ಭಾಷೆ ಕಲಿಸುವ ಶಾಲೆಗಳೂ ಬೇಕಾದಷ್ಟಿವೆ. ಊರು ಚಿಕ್ಕದು, ಕ್ಲಾಸಿಗೆ ನಡೆದೇ ಹೋಗಬಹುದು. ಒಬ್ಬರೇ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಉಳಿಯಲು ಹಾಸ್ಟೆಲ್ ಇದೆ, ಬಾಡಿಗೆ ಕೋಣೆ ಇದೆ, ಅಲ್ಲಿನವರ ಮನೆಯೂ ಇದೆ. ಹೋಮ್‌ಸ್ಟೇ ಅಂದರೆ ನಮಗೆ ಕೊಡಗು, ಚಿಕ್ಕಮಗಳೂರು ನೆನಪಾಗುತ್ತದೆ. ಇದು ಅದಲ್ಲ. ಇಲ್ಲಿ ಮೂರನೇ ಮಹಡಿಯ ಫ್ಲ್ಯಾಟ್, ಹೆಚ್ಚಾಗಿ ಮಕ್ಕಳು ಬೇರೆ ಊರಿಗೆ ಹೋಗಿರುವ ಒಬ್ಬ ಹೆಂಗಸು, ಖಾಲಿಯಾದ ಒಂದು ಕೋಣೆ. ಕ್ಲಾಸು ದಿನಕ್ಕೆ ನಾಲ್ಕೈದು ಗಂಟೆ, ಅಷ್ಟೇ. ಮಿಕ್ಕ ಹೊತ್ತು ನಾಲಿಗೆ ತಿರುಗಬೇಕಾದರೆ ಊಟದ ಮೇಜೇ ಗತಿ. ನೀವು ಕೊಡುವ ಹಣ ಮುಖ್ಯವಾಗಿ ಆ ಮೇಜಿಗೆ ಅಂತ ತಿಳಿದುಕೊಂಡರೆ ಮುಂದಿನ ಎಷ್ಟೋ ತೀರ್ಮಾನ ಸುಲಭ.

1. ಮೊದಲು ದಿನಗಳ ಲೆಕ್ಕ

90 ದಿನದೊಳಗಿನ ಕೋರ್ಸಿಗೆ ಷೆಂಗನ್ ವೀಸಾ, ಅಂದರೆ ಸ್ಪೇನೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಸಾಕು. ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು ಅನ್ನುವುದು ನಿಯಮ. ಅದಕ್ಕಿಂತ ಜಾಸ್ತಿಯಾದರೆ ವಿದ್ಯಾರ್ಥಿ ವೀಸಾ ಬೇಕು, ಕಾಗದಪತ್ರವೂ ಜಾಸ್ತಿ, ಕಾಯುವುದೂ ಜಾಸ್ತಿ. ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೂ ದಾಖಲೆ ತೋರಿಸಬೇಕು. ಶಾಲೆಯ ಮೂಲಕ ಮನೆ ಗೊತ್ತು ಮಾಡಿದರೆ ಆ ಪತ್ರವನ್ನು ಶಾಲೆಯಿಂದಲೇ ಕೇಳಿ ಪಡೆಯಬಹುದು.

2. ಮನೆ ಕೇಳುವಾಗ

ಶಾಲೆಯ ಮೂಲಕವೇ ಹೋಗಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರಿಗೋ ಮುಂಗಡ ಕಳಿಸುವುದು ಬೇಡ. ಶಾಲೆಗಳಲ್ಲಿ ವಸತಿ ನೋಡಿಕೊಳ್ಳುವವರು ಇರುತ್ತಾರೆ. ಅವರಿಗೆ ಬರೆದು ಇಷ್ಟು ಕೇಳಿ: ಮನೆಯಲ್ಲಿ ಯಾರ್ಯಾರಿದ್ದಾರೆ? ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ಶಾಲೆಗೆ ಎಷ್ಟು ನಿಮಿಷ ನಡಿಗೆ? ಬಟ್ಟೆ ಒಗೆಯುವುದು ವಾರಕ್ಕೆ ಎಷ್ಟು ಸಲ? ನಾಯಿ, ಬೆಕ್ಕು, ಸಿಗರೇಟು?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿದೆ. ಅದೇ ಮನೆಯಲ್ಲಿ ಬೇರೆ ವಿದ್ಯಾರ್ಥಿಗಳು ಇರುತ್ತಾರಾ? ಇಂಗ್ಲಿಷ್ ಬರುವ ಇನ್ನೊಬ್ಬರು ಮೇಜಿಗೆ ಬಂದು ಕೂತರೆ ನಿಮ್ಮ ಸ್ಪ್ಯಾನಿಷ್ ಅಲ್ಲಿಗೇ ಮುಗಿಯಿತು. ಒಂಟಿತನಕ್ಕೆ ಹೆದರಿ ಜೊತೆ ಬೇಕು ಅನ್ನಿಸುತ್ತದೆ, ನಿಜ. ಆ ಜೊತೆಯನ್ನು ಕ್ಲಾಸಿನಲ್ಲಿ ಹುಡುಕಿಕೊಳ್ಳಿ.

ಊಟ ಸೇರಿಸಿ ತಗೊಳ್ಳಬೇಕೋ ಬೇಡವೋ? ಮೂರು ಹೊತ್ತಿನದೂ ಸೇರಿಸಿ. ಅಲ್ಲಿ ಅದಕ್ಕೆ ಪೆನ್ಸಿಯೋನ್ ಕೊಂಪ್ಲೇತಾ ಅನ್ನುತ್ತಾರೆ. ಹೊರಗೆ ತಿಂದು ಉಳಿಸುವ ದುಡ್ಡಿಗಿಂತ ಕಳೆದುಕೊಳ್ಳುವ ಮಾತೇ ಹೆಚ್ಚು. ಮೊದಲಿಗೆ ಪೂರ್ತಿ ಅವಧಿಗೆ ಹಣ ಕಟ್ಟಬೇಡಿ. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಕಟ್ಟಿ, ಹೊಂದಿಕೆಯಾದರೆ ಮುಂದುವರಿಸಬಹುದಾ ಅಂತ ಕೇಳಿ. ವೀಸಾಕ್ಕೆ ಪೂರ್ತಿ ಅವಧಿಯ ವಸತಿ ತೋರಿಸಬೇಕಾದರೆ ಅದನ್ನೂ ಮೊದಲೇ ಶಾಲೆಗೆ ತಿಳಿಸಿ.

3. ಸಸ್ಯಾಹಾರ: ಒಂದು ಪದದಲ್ಲಿ ಮುಗಿಯುವುದಿಲ್ಲ

'ನಾನು ಸಸ್ಯಾಹಾರಿ' ಅಂದರೆ ಸಾಲದು. 'ಕಾರ್ನೆ' ಅಂದರೆ ಮಾಂಸ, ಆದರೆ ಎಷ್ಟೋ ಜನರ ಲೆಕ್ಕದಲ್ಲಿ ಮೀನು ಅದರೊಳಗೆ ಬರುವುದಿಲ್ಲ. ಹಾಮೋನ್ ಅನ್ನುವ ಹಂದಿ ತೊಡೆಯ ಮಾಂಸವನ್ನು ಸ್ವಲ್ಪ ರುಚಿಗೆ ಹಾಕುವುದೂ ಉಂಟು. ಸಲಾಡ್ ಕೇಳಿದರೆ ಮೇಲೆ ಟ್ಯೂನಾ ಮೀನು ಉದುರಿಸಿರುತ್ತಾರೆ. ಬೇಳೆಯ ಸಾರಿನಂತೆ ಕಾಣುವ ಲೆಂತೇಹಾಸ್‌ನಲ್ಲಿ ಚೊರೀಸೊ ಎಂಬ ಹಂದಿ ಮಾಂಸದ ಸಾಸೇಜು ತೇಲುತ್ತಿರುತ್ತದೆ. ಅದನ್ನು ಎತ್ತಿ ಪಕ್ಕಕ್ಕಿಟ್ಟು 'ಈಗ ಸಸ್ಯಾಹಾರ' ಅಂದುಬಿಟ್ಟರೆ ನೀವೇನು ಮಾಡುತ್ತೀರಿ? ಹಾಗಾಗಿ ಒಂದೊಂದನ್ನೂ ಬಿಡಿಸಿ ಹೇಳಿ: 'ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ, ನಿ ಹಾಮೋನ್.' ಮಾಂಸ, ಕೋಳಿ, ಮೀನು, ಹಾಮೋನ್ ಯಾವುದೂ ಬೇಡ ಅಂತ. ಮಾಂಸ ಬೇಯಿಸಿದ ನೀರೂ ಆಗದಿದ್ದರೆ 'ನಿ ಕಾಲ್ದೊ ದೆ ಕಾರ್ನೆ' ಅಂತ ಸೇರಿಸಿ. ಇದನ್ನು ಹೊರಡುವ ಮೊದಲೇ ಶಾಲೆಗೆ ಬರೆದು ಕಳಿಸಿ.

ತಿನ್ನಲು ಏನೂ ಇಲ್ಲ ಅಂತ ಹೆದರಬೇಕಿಲ್ಲ. ತರಕಾರಿ ಬೇಯಿಸಿ ಮಾಡುವ ಪೀಸ್ತೊ, ಟೊಮೆಟೊದ ತಣ್ಣನೆ ಗಾಸ್ಪಾಚೊ, ಕಡಲೆಕಾಳು, ಬೇಳೆ, ಅನ್ನ, ಬ್ರೆಡ್ಡು ಎಲ್ಲ ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಆಲೂಗೆಡ್ಡೆಯ ತೊರ್ತೀಯಾ ಇದ್ದೇ ಇದೆ. ಸಿಹಿಯಿಲ್ಲದ ಮೊಸರು ಬೇಕಾದರೆ 'ಯೊಗೂರ್ ನಾತುರಾಲ್' ಕೇಳಿ. ಅನ್ನಕ್ಕೆ ಮೊಸರು ಕಲಸಿ ತಿಂದರೆ ಮೇಜಿನವರು ಕಣ್ಣರಳಿಸಿ ನೋಡುತ್ತಾರೆ. ಪರವಾಗಿಲ್ಲ, ಅದೂ ಮಾತಿಗೆ ಒಂದು ನೆಪ.

4. ಉಡುಗೊರೆ

ಧಾರವಾಡ ಪೇಡ, ತುಪ್ಪದ ಡಬ್ಬಿ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಚನ್ನಪಟ್ಟಣದ ಗೊಂಬೆ, ಗಂಧದ ಸೋಪು ಸಾಕು.

5. ಚಪ್ಪಲಿ, ಸ್ನಾನ, ಬೀಗದ ಕೈ

ನಾವು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತೇವೆ. ಅಲ್ಲಿ ಬರಿಗಾಲಲ್ಲಿ ಓಡಾಡಿದರೆ ಮನೆಯೊಡತಿ ಬೈಯುತ್ತಾರೆ, ಶೀತ ಆಗುತ್ತದೆ ಅಂತ. ಮನೆಯೊಳಗೆ ಹಾಕಿಕೊಳ್ಳಲು ಮೆತ್ತನೆ ಸ್ಲಿಪ್ಪರ್ ಒಯ್ಯಿರಿ. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅವರು ಬೈಯುವುದರಲ್ಲಿ ಅರ್ಥವಿದೆ.

ಬಚ್ಚಲಲ್ಲಿ ಬಕೆಟ್ಟು, ಚೊಂಬು ಇರುವುದಿಲ್ಲ. ನೆಲದಲ್ಲಿ ನೀರು ಹೋಗುವ ತೂತು ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಟಬ್ಬಿನ ಹೊರಗೆ ಬಿದ್ದ ನೀರು ಅಲ್ಲೇ ನಿಲ್ಲುತ್ತದೆ. ಸ್ನಾನಕ್ಕೆ ನಿಲ್ಲುವ ಮೊದಲು ಪರದೆಯ ತುದಿಯನ್ನು ಟಬ್ಬಿನೊಳಕ್ಕೆ ಬಿಟ್ಟುಕೊಳ್ಳಿ. ಬಿಸಿನೀರು ಹಂಡೆಗಟ್ಟಲೆ ಸಿಗುತ್ತದೆ ಅಂದುಕೊಳ್ಳಬೇಡಿ, ಐದಾರು ನಿಮಿಷದಲ್ಲಿ ಮುಗಿಸಿ. ಟಬ್ಬಿನಲ್ಲಿ ಉದುರಿದ ಕೂದಲನ್ನು ತೆಗೆದು ಬನ್ನಿ. ಶೌಚಕ್ಕೆ ನೀರೇ ಬೇಕು ಅನ್ನುವವರು ಬಜಾರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಜಗ್ಗು ಕೊಂಡುಕೊಳ್ಳಿ.

ಎಷ್ಟೋ ಫ್ಲ್ಯಾಟುಗಳ ಬಾಗಿಲು ಎಳೆದ ತಕ್ಷಣ ಬೀಗ ಬೀಳುತ್ತದೆ. ಕಸ ಹಾಕಲು ಹೋದರೂ ಬೀಗದ ಕೈ ಜೇಬಿನಲ್ಲಿರಲಿ.

ಅಡುಗೆಮನೆ ಅವರದು. ಕೇಳದೆ ಒಗ್ಗರಣೆ ಹಾಕಲು ಹೋಗಬೇಡಿ. ಒಂದು ಭಾನುವಾರ ನೀವೇ ಅಡುಗೆ ಮಾಡುತ್ತೇನೆ ಅಂದರೆ ಸಾಮಾನ್ಯವಾಗಿ ಖುಷಿಯಿಂದ ಒಪ್ಪುತ್ತಾರೆ. ಖಾರ ಮಾತ್ರ ನೋಡಿಕೊಂಡು ಹಾಕಿ, ಅವರ ನಾಲಿಗೆಗೆ ಅಭ್ಯಾಸವಿಲ್ಲ.

6. ಮೇಜಿನಿಂದ ಬೇಗ ಏಳಬೇಡಿ

ಮಧ್ಯಾಹ್ನದ ಊಟ ಎರಡೂವರೆ, ಮೂರು. ರಾತ್ರಿಯದು ಒಂಬತ್ತರ ಮೇಲೆ. ಬೆಳಿಗ್ಗೆ ಹಾಲು ಹಾಕಿದ ಕಾಫಿ, ಬಿಸ್ಕತ್ತು ಅಥವಾ ಟೋಸ್ಟು, ಅಷ್ಟೇ. ಇಡ್ಲಿ ದೋಸೆ ತಿಂದು ಬೆಳೆದ ಹೊಟ್ಟೆ ಹನ್ನೊಂದಕ್ಕೇ ಚುರುಗುಟ್ಟುತ್ತದೆ, ಚೀಲದಲ್ಲಿ ಒಂದು ಬಾಳೆಹಣ್ಣು ಇಟ್ಟುಕೊಳ್ಳಿ.

ಮಧ್ಯಾಹ್ನದ ಊಟವೇ ದೊಡ್ಡದು. ಮೊದಲೊಂದು ತಟ್ಟೆ, ಆಮೇಲೆ ಎರಡನೆಯದು, ಕೊನೆಗೆ ಹಣ್ಣೋ ಮೊಸರೋ. ಮೊದಲನೆಯದೇ ಪೂರ್ತಿ ಊಟ ಅಂದುಕೊಂಡು ಹೊಟ್ಟೆ ತುಂಬಿಸಿಕೊಳ್ಳಬೇಡಿ. ಬ್ರೆಡ್ಡನ್ನು ತಟ್ಟೆಯ ಪಕ್ಕ ಮೇಜಿನ ಮೇಲೇ ಇಟ್ಟುಕೊಳ್ಳುತ್ತಾರೆ. ಮೂರು ಗಂಟೆಗೆ ಸರ್ಕಾರಿ ಚಾನೆಲ್ಲಿನಲ್ಲಿ ವಾರ್ತೆ ಶುರುವಾಗುತ್ತದೆ. ಟಿ.ವಿ. ನೋಡುತ್ತಲೇ ಉಣ್ಣುವ ಮನೆಗಳು ಬಹಳ. ಚಿತ್ರ ಕಾಣುತ್ತದೆ, ಮಾತು ಕೇಳುತ್ತದೆ, ಅರ್ಥವಾಗದ್ದನ್ನು ಪಕ್ಕದಲ್ಲೇ ಕೇಳಬಹುದು.

ಊಟ ಮುಗಿದ ಮೇಲೆ ತಟ್ಟೆ ಎತ್ತದೆ ಕೂತು ಹರಟುತ್ತಾರೆ. ಸೊಬ್ರೆಮೆಸಾ ಅಂತ ಅದಕ್ಕೊಂದು ಹೆಸರೂ ಇದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಆಸೆ ಆಗ ಬಹಳ ಇರುತ್ತದೆ. ತಡೆದುಕೊಂಡು ಕೂರಿ. ಪಕ್ಕದ ಮನೆಯವಳ ಜಗಳ, ಮಗನ ಕೆಲಸ, ಕರೆಂಟ್ ಬಿಲ್ಲು, ಪಠ್ಯಪುಸ್ತಕದಲ್ಲಿ ಇಲ್ಲದ್ದೆಲ್ಲ ಬರುವುದು ಆಗಲೇ. ದಿನಕ್ಕೆ ಒಂದು ಪ್ರಶ್ನೆ ಮೊದಲೇ ತಯಾರು ಮಾಡಿಕೊಂಡು ಹೋಗಿ. ವಾಕ್ಯ ಕಟ್ಟುವಾಗ ಇಂಗ್ಲಿಷಿನ ಮೂಲಕ ಸುತ್ತಿಕೊಂಡು ಬರುವ ಬದಲು ಕನ್ನಡದಿಂದ ಯೋಚಿಸಿ ನೋಡಿ. 'ನನಗೆ ಇಷ್ಟ', 'ನನಗೆ ತಲೆ ನೋಯುತ್ತಿದೆ' ಅನ್ನುವ ನಮ್ಮ ರೀತಿ ಸ್ಪ್ಯಾನಿಷಿಗೆ ಹತ್ತಿರ.

7. ಊರಿಗೆ ಫೋನು

ಸ್ಪೇನ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿದೆ. ಇಲ್ಲಿ ಅಮ್ಮ ರಾತ್ರಿ ಒಂಬತ್ತಕ್ಕೆ ಊಟ ಮುಗಿಸುವಾಗ ಅಲ್ಲಿ ಸಂಜೆ ಐದೂವರೆ ಅಥವಾ ನಾಲ್ಕೂವರೆ. ಅದೇ ಸರಿಯಾದ ಹೊತ್ತು, ಎರಡೂ ಕಡೆ ಊಟಕ್ಕೆ ಅಡ್ಡಿಯಿಲ್ಲ. ಊಟದ ಮೇಜಿನಲ್ಲಿ ವಿಡಿಯೊ ಕಾಲ್ ಮಾತ್ರ ಬೇಡ.

8. ಹೊಂದಿಕೆಯಾಗದಿದ್ದರೆ

ಕೋಣೆ ತಣ್ಣಗಿದೆ, ಇನ್ನೊಂದು ಹೊದಿಕೆ ಬೇಕು ಅನ್ನುವಂಥದ್ದನ್ನು ಮನೆಯೊಡತಿಗೇ ನೇರವಾಗಿ ಹೇಳಿ. ಸುಮ್ನೆ ಸಹಿಸಿಕೊಂಡರೆ ಅವರಿಗೆ ಗೊತ್ತಾಗುವುದೇ ಇಲ್ಲ. ಮಾತೇ ಆಡದ ಮನೆ, ಪದೇ ಪದೇ ತಟ್ಟೆಗೆ ಬೀಳುವ ಮಾಂಸ, ಇವನ್ನು ಮೊದಲ ವಾರದಲ್ಲೇ ಶಾಲೆಯ ವಸತಿ ವಿಭಾಗಕ್ಕೆ ತಿಳಿಸಿ. ಮನೆ ಬದಲಾಯಿಸುವುದು ಅಲ್ಲಿ ಹೊಸದೇನಲ್ಲ, ಅವರು ಬೇಸರ ಮಾಡಿಕೊಂಡಾರು ಅನ್ನುವ ಸಂಕೋಚ ಬೇಡ. ಕೋಣೆಯಲ್ಲಿ ಭದ್ರತೆಯ ಭಾವನೆ ಇಲ್ಲ ಅನ್ನಿಸಿದರೆ ವಾರವೂ ಕಾಯಬೇಡಿ, ಅವತ್ತೇ ಫೋನು ಮಾಡಿ. ಶಾಲೆಯ ತುರ್ತು ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಪೊಲೀಸ್, ಆಂಬ್ಯುಲೆನ್ಸ್ ಎಲ್ಲಕ್ಕೂ ಒಂದೇ ನಂಬರು: 112.